ಬ್ಯಾಟರಿ ಬದಲಿಸುವ ಮುಂಚೆ ಟರ್ಮಿನಲ್ ನೋಡಿ

ಕಾರಿನ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು, ಎಂಜಿನ್ ಅಲ್ಲಾಡುವುದೂ ಇಲ್ಲ. ಸುತ್ತ ನಿಂತವರೆಲ್ಲ ಹೇಳುವುದು ಒಂದೇ: ಬ್ಯಾಟರಿ ಹೋಯ್ತು, ಹೊಸದು ಹಾಕಿಸಿ. ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಟರ್ಮಿನಲ್‌ಗೆ, ಅಂದರೆ ಬ್ಯಾಟರಿಗೆ ವೈರ್ ಸೇರುವ ಜಾಗಕ್ಕೆ, ಬಿಳಿ ಪುಡಿ ಹಿಡಿದು ಕರೆಂಟ್ ದಾಟುತ್ತಿರುವುದಿಲ್ಲ, ಅಷ್ಟೇ. ಹೀಗೆ ಸುಮ್ನೆ ದುಡ್ಡು ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

1. ಕೊಳ್ಳುವಾಗ

ಕಾರಿನ ಕೈಪಿಡಿಯಲ್ಲಿ ಹೇಳಿರುವ ಅಳತೆ, ಆಂಪ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ) ಮತ್ತು ಸಿಸಿಎ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಷ್ಟು ಕರೆಂಟ್ ಕೊಡಬಲ್ಲದು) ಅಂಕಿ ನೋಡಿಕೊಂಡು ಹೋಗಿ. ಪ್ಲಸ್ ಎಡಗಡೆ ಇದೆಯೋ ಬಲಗಡೆಯೋ ಅನ್ನುವುದನ್ನೂ ನೋಡಿ, ಅದು ತಪ್ಪಿದರೆ ವೈರ್ ಎಟುಕುವುದಿಲ್ಲ. ಆಂಪ್ ಅವರ್ ಸ್ವಲ್ಪ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಆದರೆ ಟ್ರೇನಲ್ಲಿ ಸರಿಯಾಗಿ ಕೂರದ ಬ್ಯಾಟರಿ ಬೇಡವೇ ಬೇಡ. ಅಲುಗಾಟಕ್ಕೆ ಒಳಗಿನ ಪ್ಲೇಟ್‌ಗಳು ಹಾಳಾಗುತ್ತವೆ. ತಯಾರಾದ ತಿಂಗಳು ಕೇಳಿ, ಗೋಡೌನ್‌ನಲ್ಲಿ ಕೂತ ಬ್ಯಾಟರಿ ಕೂತಲ್ಲೇ ಸೊರಗುತ್ತದೆ. ನಾನಂತೂ ಮೂರು ತಿಂಗಳಿಗಿಂತ ಹಳೆಯದನ್ನು ಮುಟ್ಟುವುದಿಲ್ಲ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಾದರೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಡೆದುಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು. ಅಗ್ಗ ಅಂತ ಮಾಮೂಲಿ ಬ್ಯಾಟರಿ ಕೂರಿಸಿದರೆ ಅದು ಜಾಸ್ತಿ ದಿನ ತಡೆಯುವುದಿಲ್ಲ.

2. ವೋಲ್ಟೇಜ್ ನೋಡುವುದು

ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ಳಿ. ಕಾರು ನಿಲ್ಲಿಸಿ ಕೆಲವು ಗಂಟೆ ಆದ ಮೇಲೆ, ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು, ನೋಡಿ. ಮಾಮೂಲಿ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7ರ ಒಳಗೆ ತೋರಿಸಬೇಕು. ಎಂಜಿನ್ ಓಡುತ್ತಿದ್ದರೂ ಮೀಟರ್ 12ರ ಆಸುಪಾಸಿನಲ್ಲೇ ನಿಂತಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಅಥವಾ ಅದರ ಬೆಲ್ಟ್ ನೋಡಿಸಿ.

3. ಟರ್ಮಿನಲ್ ಕ್ಲೀನ್ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಎಂಜಿನ್, ಲೈಟು ಎಲ್ಲ ಆಫ್ ಮಾಡಿ ಕೀ ತೆಗೆಯಿರಿ. ಉಂಗುರ, ಬಳೆ, ಕೈಗಡಿಯಾರ ಬಿಚ್ಚಿಡಿ, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ. ಹತ್ತಿರದಲ್ಲಿ ಬೀಡಿ ಸಿಗರೇಟು ಬೇಡ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ.

ಮೊದಲು ಬಿಚ್ಚಬೇಕಾದದ್ದು ನೆಗೆಟಿವ್. ಕಾರಿನ ಬಾಡಿಯೆಲ್ಲ ನೆಗೆಟಿವ್‌ಗೆ ಸೇರಿಕೊಂಡಿರುತ್ತದೆ, ಹಾಗಾಗಿ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಬಾಡಿಗೆ ತಾಗಿತೋ, ಕಿಡಿ ಹಾರಿ ಸ್ಪ್ಯಾನರ್ ಅಲ್ಲೇ ಬೆಸೆದುಕೊಂಡರೂ ಆಶ್ಚರ್ಯವಿಲ್ಲ. ನೆಗೆಟಿವ್ ಮೊದಲೇ ತೆಗೆದಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ನಟ್ ಸಡಿಲಿಸಿ ಕ್ಲ್ಯಾಂಪ್ (ವೈರಿನ ತುದಿಯ ಹಿಡಿಕೆ) ಅನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಮೇಲೆತ್ತಿ. ಸ್ಕ್ರೂಡ್ರೈವರ್ ತೂರಿಸಿ ಮೀಟುವವರಿದ್ದಾರೆ, ದಯವಿಟ್ಟು ಬೇಡ, ಕ್ಲ್ಯಾಂಪ್ ಕೂರುವ ಗೂಟ, ಅಂದರೆ ಪೋಸ್ಟ್, ಮೆತ್ತನೆಯ ಸೀಸ, ಬುಡದಲ್ಲೇ ಬಿರುಕು ಬಿಡಬಹುದು. ಹಲವು ಹೊಸ ಕಾರುಗಳಲ್ಲಿ ನೆಗೆಟಿವ್ ಕ್ಲ್ಯಾಂಪ್ ಮೇಲೆ ಒಂದು ಸೆನ್ಸರ್ ಇರುತ್ತದೆ, ಅದನ್ನು ಹಿಡಿದು ಎಳೆಯಬೇಡಿ.

ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಟೂತ್‌ಬ್ರಶ್‌ನಿಂದ ಪುಡಿಯ ಮೇಲೆ ಹಚ್ಚಿ. ನೊರೆ ಬರುವುದು ನಿಲ್ಲುವವರೆಗೂ ಉಜ್ಜಿ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ ಸತ್ವ ಕಳೆದುಕೊಳ್ಳುತ್ತದೆ. ಸೋಡಾ ಬದಲು ಕೋಲಾ ಸುರಿಯುವ ಉಪಾಯ ಬೇಡ, ಪುಡಿ ಹೋಗಿ ಸಕ್ಕರೆ ಅಂಟು ಉಳಿಯುತ್ತದೆ. ಇಷ್ಟಕ್ಕೇ ಮುಗಿಸಿಬಿಡುವವರೇ ಜಾಸ್ತಿ. ಆದರೆ ಕರೆಂಟ್ ಹರಿಯುವುದು ಪೋಸ್ಟ್‌ನ ಸುತ್ತ ಮತ್ತು ಕ್ಲ್ಯಾಂಪ್‌ನ ಒಳಮೈಯಲ್ಲಿ ಅಲ್ವಾ? ಅವೆರಡನ್ನೂ ತಂತಿ ಬ್ರಶ್ ಅಥವಾ ಸಣ್ಣ ಉಪ್ಪುಕಾಗದದಿಂದ, ಸೀಸದ ಹೊಳಪು ಕಾಣುವಷ್ಟು, ಹಗುರವಾಗಿ ಉಜ್ಜಿ. ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ.

ಈಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೈಯಿಂದ ಅಲ್ಲಾಡಿಸಿದರೆ ತಿರುಗದಷ್ಟು ಬಿಗಿ ಸಾಕು. ಆಮೇಲೆ ಮೇಲಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕ್ಲ್ಯಾಂಪ್ ಕೂರಿಸುವ ಮೊದಲೇ ಗ್ರೀಸ್ ಮೆತ್ತಿದರೆ ಮತ್ತೆ ಕರೆಂಟಿಗೆ ಅಡ್ಡಿ. ಟರ್ಮಿನಲ್‌ಗೆ ಸ್ಪ್ಯಾನರ್‌ನಿಂದ ನಾಲ್ಕು ಬಾರಿಸಿ ಸ್ಟಾರ್ಟ್ ಮಾಡುವ ವಿದ್ಯೆ ಆವತ್ತಿನ ಮಟ್ಟಿಗೆ ನಡೆಯುತ್ತದೆ, ಮಾರನೆಯ ದಿನ ಅದೇ ರಗಳೆ.

4. ನೀರು

ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಗೆ ಮಾತ್ರ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ, ಫಿಲ್ಟರ್ ನೀರೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಪ್ಲೇಟ್ ಮುಳುಗಿದ್ದರೆ ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿ, ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಆಗಾಗ ನೋಡಿ. ಹಳೇ ಬ್ಯಾಟರಿಗೆ ಹೊಸ ಜೀವ ಕೊಡುತ್ತೇವೆ ಅಂತ ಮಾರುವ ಪುಡಿ, ದ್ರಾವಣಗಳಿಗೆ ಕೊಡುವ ದುಡ್ಡನ್ನು ಹೊಸ ಬ್ಯಾಟರಿಗೆ ಕೂಡಿಡಿ.

5. ಓಡಿಸುವುದು, ನಿಲ್ಲಿಸುವುದು

ಬ್ಯಾಟರಿ ಅರ್ಧ ಚಾರ್ಜಿನಲ್ಲೇ ದಿನ ದೂಡಿದರೆ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದು ಕಷ್ಟ. ದಿನವೂ ಐದೈದು ನಿಮಿಷದ ಓಡಾಟ ಮಾತ್ರ ಇದ್ದರೆ ಸ್ಟಾರ್ಟ್ ಮಾಡಲು ಖರ್ಚಾದದ್ದೇ ಸರಿಯಾಗಿ ತುಂಬುವುದಿಲ್ಲ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸುವುದರಿಂದಲೂ ಹೆಚ್ಚೇನೂ ಆಗುವುದಿಲ್ಲ, ಪೆಟ್ರೋಲ್ ದಂಡ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಒಂದು ಗಂಟೆ ಒಳ್ಳೆ ರಸ್ತೆಯಲ್ಲಿ ಓಡಿಸಿ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ, ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳುವ ಸ್ಮಾರ್ಟ್ ಚಾರ್ಜರ್ ಕೊಳ್ಳಿ. ಕಾರು ನಿಂತಿದ್ದಾಗಲೂ ಓಡುವ ಡ್ಯಾಶ್‌ಕ್ಯಾಮ್ ಇದ್ದರೆ ಅದನ್ನು ಕಿತ್ತಿಡಿ.

ಕೆಲವು ವಾರ ಊರಿಗೆ ಹೋಗುವುದಾದರೆ ನೆಗೆಟಿವ್ ಬಿಚ್ಚಿಟ್ಟು ಹೋಗಬಹುದು, ಕೈಪಿಡಿಯಲ್ಲಿ ಬೇಡ ಅಂದಿಲ್ಲ ಅಂದರೆ. ಆಗ ರಿಮೋಟ್ ಕೆಲಸ ಮಾಡುವುದಿಲ್ಲ, ಬಾಗಿಲಿಗೆ ಕೀಲಿಯೇ ಬೇಕು. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿ ಸ್ವಿಚ್‌ನಿಂದ ತೆರೆಯುವಂಥದ್ದಾದರೆ, ಮುಚ್ಚುವ ಮುಂಚೆ ಕೈಯಿಂದ ತೆರೆಯುವ ದಾರಿ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ.