‘ಹೇಸದವನು’ ಎಂಬುದಕ್ಕೆ ಎದುರು ಪದ ಆರಿಸುವುದು ಹೇಗೆ?

‘ಯಾವುದಕ್ಕೂ ಹೇಸದವನು’ ಎಂದರೆ ತಪ್ಪು ಮಾಡುವಾಗ ಒಳಗೆ ಅಳುಕೇ ಇಲ್ಲದವನು. ಹಾಗಾಗಿ ಮೊದಲು ನೋಡಬೇಕಾದ್ದು ಇಷ್ಟೇ: ಅವನಲ್ಲಿ ಇಲ್ಲದ್ದು ಏನು?

ಅಳುಕು ಇಲ್ಲವಾದರೆ ಎದುರು ಪದ ‘ಮನಸ್ಸಾಕ್ಷಿಗೆ ಅಂಜುವವನು’. ‘ಪಾಪಭೀರು’ವೂ ಆಗುತ್ತದೆ, ಆದರೆ ಅದರಲ್ಲಿ ಕೊಂಚ ಪುಕ್ಕಲುತನದ ವಾಸನೆಯಿದೆ. ಹಣ, ಲೆಕ್ಕದ ಮಾತಾದರೆ ‘ಪ್ರಾಮಾಣಿಕ’. ಉಂಡ ಮನೆಗೆ ಎರಡು ಬಗೆಯದವನಿಗೆ ‘ನಿಯತ್ತಿನವನು’. ಇದನ್ನು ನಾಯಿಗೂ ಹೇಳುತ್ತೇವೆ, ‘ಪ್ರಾಮಾಣಿಕ ನಾಯಿ’ ಎಂದರೆ ಕಿವಿಗೆ ಸರಿಬರುವುದಿಲ್ಲ.

ಹೆಚ್ಚು ಎಡವುವುದು ‘ನ್ಯಾಯ’ದ ಬಳಿ. ‘ಅವರು ನ್ಯಾಯವಾದಿ’ ಎಂದರೆ ಓದುಗರಿಗೆ ಕಾಣುವುದು ಕರಿ ಕೋಟಿನ ವಕೀಲರು. ವ್ಯಕ್ತಿಗೆ ‘ನ್ಯಾಯವಂತ’ ಬಳಸಿ. ಬೆಲೆಗೆ, ತೀರ್ಪಿಗೆ ‘ನ್ಯಾಯಯುತ’. ‘ನ್ಯಾಯಬೆಲೆ’ ಎಂದು ಬರೆದರೆ ರೇಷನ್ ಅಂಗಡಿಯೇ ನೆನಪಾಗುತ್ತದೆ.

‘ಸಭ್ಯ’ ನಡವಳಿಕೆಯ ಪದ, ನೀತಿಯದಲ್ಲ. ‘ಸಭ್ಯವಾಗಿ ಮಾತಾಡಿ ತೂಕದಲ್ಲಿ ಮೋಸ ಮಾಡಿದ’ ಎನ್ನಬಹುದು. ‘ಪ್ರಾಮಾಣಿಕವಾಗಿ ತೂಕದಲ್ಲಿ ಮೋಸ ಮಾಡಿದ’ ಎನ್ನಲಾಗದು. ಅನುಮಾನ ಬಂದಾಗ ಪದವನ್ನು ಇಂಥ ವಾಕ್ಯದಲ್ಲಿಟ್ಟು ನೋಡಿ.

‘ನೀತಿಗೆಟ್ಟ’ಕ್ಕೆ ‘ನೀತಿವಂತ’ ನೇರ ಜೋಡಿ. ‘ಮಾನಗೆಟ್ಟ’ಕ್ಕೆ ಮಾತ್ರ ‘ಮಾನವಂತ’ಕ್ಕಿಂತ ‘ಮರ್ಯಾದಸ್ಥ’ವೇ ಆಡುಮಾತಿಗೆ ಹತ್ತಿರ.