‘ರಿಸಿಂಡ್’ ಅಂತ ಬರೆಯುವ ಮುನ್ನ

ಹೋದ ವಾರ ಶಿವಮೊಗ್ಗದ ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಜೆರಾಕ್ಸ್‌ಗೆ ಕಾಯುತ್ತಿದ್ದೆ. ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು ಅಡಿಕೆ ಚೇಣಿ ಕರಾರು (ಮುಂಗಡ ಪಡೆದು ತೋಟದ ಫಸಲನ್ನು ಚೇಣಿದಾರನಿಗೆ ವಹಿಸುವ ಒಪ್ಪಂದ) ಮುರಿಯುವ ಪತ್ರ ಮಾಡಿಸುತ್ತಿದ್ದರು. ಇಂಗ್ಲಿಷಿನಲ್ಲಿದ್ದರೆ ತೂಕ ಜಾಸ್ತಿ ಅಂತ ಅವರ ಲೆಕ್ಕ. ಪರದೆ ಮೇಲೆ ಮೂಡಿದ ಸಾಲು: ‘ಐ ರಿಸಿಂಡ್ ಯೂ’. ರಿಸಿಂಡ್ (rescind) ಅಂದರೆ ಕರಾರನ್ನೋ ಆದೇಶವನ್ನೋ ರದ್ದು ಮಾಡುವುದು. ಚೇಣಿದಾರನನ್ನೇ ರದ್ದು ಮಾಡಿಬಿಟ್ಟಿದ್ದರು!

ನಮಗೆ ಬಸ್ಸೂ ರದ್ದು, ಲೈಸೆನ್ಸೂ ರದ್ದು, ಕಾಯ್ದೆಯೂ ರದ್ದು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಪದ. ಎಡವಟ್ಟಾಗುವುದು ಅಲ್ಲೇ.

1. ಉಚ್ಚಾರ: ರಿಸಿಂಡ್. ಸ್ಪೆಲಿಂಗಿನಲ್ಲಿ ಎಸ್ ಆದಮೇಲೆ ಸಿ ಇದೆ, ಬಾಯಲ್ಲಿ ಅದು ಬೇಡ. ರಿಸೈಂಡ್ ಅನ್ನಬೇಡಿ.

2. ಮನುಷ್ಯರನ್ನು ರಿಸಿಂಡ್ ಮಾಡಲು ಬರುವುದಿಲ್ಲ. ಕರಾರು, ಆದೇಶ, ನಿರ್ಣಯ, ಕೆಲಸದ ಆಫರ್, ಇಂಥವನ್ನು ಮಾಡಬಹುದು.

3. ಪದದ ಆಯ್ಕೆ. ಇಲ್ಲಿ ಅವಸರ ಬೇಡ. ಬಸ್ಸು, ಮೀಟಿಂಗು ಆದರೆ ಸುಮ್ನೆ ‘ಕ್ಯಾನ್ಸಲ್’ ಸಾಕು. ಕೊಟ್ಟ ಲೈಸೆನ್ಸನ್ನೋ ಅಧಿಕಾರವನ್ನೋ ಹಿಂದಕ್ಕೆ ಪಡೆದರೆ ‘ರಿವೋಕ್’. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥವೇ ವಾಪಸ್ ಕರೆಯುವುದು. ಕಾಯ್ದೆಯಾದರೆ ‘ರಿಪೀಲ್’. 2021ರಲ್ಲಿ ಮೂರು ಕೃಷಿ ಕಾಯ್ದೆಗಳಿಗೆ ಆಗಿದ್ದು ಅದೇ.

ಕರಾರಿನ ವಿಷಯ ಬಂದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ‘ಇಲ್ಲಿಗೆ ಸಾಕು’ ಅನ್ನುತ್ತಿದ್ದೀರಾ, ಅಥವಾ ‘ಈ ಕರಾರು ಆಗಿಯೇ ಇಲ್ಲ ಅಂದ್ಕೊಳ್ಳಿ’ ಅನ್ನುತ್ತಿದ್ದೀರಾ? ಮೊದಲನೆಯದು ‘ಟರ್ಮಿನೇಟ್’. ಎರಡನೆಯದು ‘ರಿಸಿಂಡ್’. ಸಿಟ್ಟು ಬಂತು ಅಂತ ರಿಸಿಂಡ್ ಮಾಡಲಾಗುವುದಿಲ್ಲ. ಮೋಸದಿಂದಲೋ ಸುಳ್ಳು ಹೇಳಿಯೋ ನಿಮ್ಮನ್ನು ಒಪ್ಪಿಸಿದ್ದರು ಅನ್ನುವಂಥ, ಕಾನೂನು ಒಪ್ಪುವ ಕಾರಣ ಇರಬೇಕು, ಇಲ್ಲವೇ ಇಬ್ಬರೂ ಸೇರಿ ಬೇಡ ಅಂದಿರಬೇಕು. ಮೋಸ ಹೋದವರು ರಿಸಿಂಡ್ ಮಾಡಿದರೂ ಆ ಕರಾರಿನಿಂದ ತಮಗೆ ಬಂದಿದ್ದನ್ನು ಹಿಂದಿರುಗಿಸಬೇಕು. 1872ರ ಭಾರತೀಯ ಕರಾರು ಕಾಯ್ದೆಯ 64ನೇ ಕಲಮು ಹೇಳುವುದು ಇದನ್ನೇ.

ಆ ತೋಟದವರನ್ನು ಕೇಳಿದೆ: ‘ಮುಂಗಡ ವಾಪಸ್ ಕೊಡ್ತೀರಾ?’

‘ಎಲ್ಲಿಂದ ಕೊಡ್ಲಿ ಮಾರಾಯ್ರೆ, ಕೊಳೆ ಔಷಧಿ ಹೊಡೆಸಿ ಖಾಲಿಯಾಯ್ತಲ್ಲ!’

ಹಾಗಿದ್ದರೆ ನೋಟಿಸಿನಲ್ಲಿ ಆ ಪದ ಹಾಕುವ ಮೊದಲು ವಕೀಲರನ್ನು ಕೇಳಲೇಬೇಕು. ಪದ ಚೆಂದ ಕಂಡಿತು ಅಂತ ಎತ್ತಿ ಹಾಕಿದರೆ, ‘ಹಂಗಾದ್ರೆ ನನ್ನ ದುಡ್ಡು ಇಡಿ’ ಅಂತ ಚೇಣಿದಾರ ಬಾಗಿಲಿಗೆ ಬರುತ್ತಾನೆ, ಅಲ್ವಾ?

ಮೊಬೈಲ್ ಆ್ಯಪಿನಲ್ಲಿ ‘ರದ್ದು’ ಅಂತ ಕೊಟ್ಟು ಸಿಕ್ಕಿದ ಪದ ಹಾಕುವುದು ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಕಿಸೆ ನಿಘಂಟು ಅದಕ್ಕಿಂತ ಕಡೆ. ನಾನು ಕೊಂಡಿದ್ದರಲ್ಲಿ ಈ ಐದಾರು ಪದಗಳಿಗೂ ‘ರದ್ದುಪಡಿಸು’ ಅಂತ ಒಂದೇ ಅರ್ಥ ಅಚ್ಚು ಹಾಕಿದ್ದಾರೆ.

4. ವಾಕ್ಯ: ‘ಐ ಹಿಯರ್‌ಬೈ ರಿಸಿಂಡ್ ದಿ ಅಗ್ರಿಮೆಂಟ್ ಡೇಟೆಡ್’, ಮುಂದೆ ತಾರೀಖು. ‘ರಿಸಿಂಡ್ ಬ್ಯಾಕ್’ ಬೇಡ. ನಾಮಪದ ‘ರಿಸಿಶನ್’, ‘ರಿಸಿಂಡೇಶನ್’ ಎಂಬ ಪದವೇ ಇಲ್ಲ.

ನನ್ನನ್ನು ಕೇಳಿದರೆ ಇಂಥ ಪತ್ರ ಕನ್ನಡದಲ್ಲೇ ಇರಲಿ. ‘ಕರಾರನ್ನು ಮೊದಲಿನಿಂದಲೇ ರದ್ದು ಮಾಡಿದ್ದೇನೆ’ ಅಥವಾ ‘ಇಂದಿನಿಂದ ಮುಂದಕ್ಕೆ ಕೊನೆಗೊಳಿಸಿದ್ದೇನೆ’. ಓದಿದ ಚೇಣಿದಾರನಿಗೂ ಅರ್ಥವಾಗುತ್ತದೆ.

ತೋಟದವರು ಟೈಪಿಸ್ಟ್ ಹುಡುಗಿಗೆ ‘ಅದೊಂದು ಸಾಲು ಅಳಿಸು ತಂಗಿ’ ಅಂದು, ವಕೀಲರಿಗೆ ಫೋನ್ ಮಾಡುತ್ತಾ ಹೊರಗೆ ಹೋದರು.