ಹಳೇ ಕಾರು ಕೊಳ್ಳುವ ಮೊದಲು ಎಂಒಟಿ ದಾಖಲೆ ಓದುವುದು: ನನ್ನ ಅನುಭವ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಮ್ಮವರು ಕೊಳ್ಳುವುದು ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಕಾರು. ಮಾರುವವರು "ಎಂಒಟಿ ಇನ್ನೂ ಹತ್ತು ತಿಂಗಳಿದೆ" ಅಂದರೆ ನಮಗೆ ಅರ್ಧ ಧೈರ್ಯ ಬಂದುಬಿಡುತ್ತದೆ. ಅದು ಸಾಲದು. ಆ ಕಾರು ಇಷ್ಟು ವರ್ಷದಲ್ಲಿ ತಪಾಸಣೆಗೆ ಹೋದಾಗಲೆಲ್ಲ ಏನು ಬರೆದಿದ್ದಾರೆ, ಬರೆದದ್ದಕ್ಕೆ ಮಾಲೀಕರು ಏನು ಮಾಡಿದರು ಎಂಬುದನ್ನು ನೋಡಬೇಕು. ಕಾರಿಗಿಂತ ಹೆಚ್ಚಾಗಿ ಅದನ್ನು ಇಟ್ಟುಕೊಂಡವರ ಗುಣ ಅಲ್ಲಿ ಗೊತ್ತಾಗುತ್ತದೆ.

ಎಂಒಟಿ ಇಲ್ಲಿನ ವಾರ್ಷಿಕ ತಪಾಸಣೆ. ಕಾರು ನೋಂದಣಿಯಾಗಿ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಮಾಡಿಸಲೇಬೇಕು. ಊರಲ್ಲಿ ಸ್ವಂತ ಕಾರಿಗೆ 15 ವರ್ಷದವರೆಗೆ ಎಫ್‌ಸಿ ಗೊಡವೆಯೇ ಇಲ್ಲವಾದ್ದರಿಂದ ಇಂಥ ದಾಖಲೆ ಓದಿ ಕಾರು ಆರಿಸುವ ರೂಢಿ ನಮಗಿಲ್ಲ. ಗುರುತಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ಬಾನೆಟ್ ಎತ್ತಿಸುತ್ತೇವೆ. ಕಾವೆಂಟ್ರಿಯಲ್ಲಿ ನನಗೆ ಅಂಥ ಗುರುತಿನವರು ಯಾರೂ ಇರಲಿಲ್ಲ. ಹೆಂಡತಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಬಸ್ಸಿಲ್ಲದ ಹೊತ್ತಿನಲ್ಲಿ ಮನೆಗೆ ಬರಬೇಕು. ಕೈಕೊಡುವ ಕಾರು ತರುವ ಹಾಗಿರಲಿಲ್ಲ.

ಇಲ್ಲಿನ ಸರ್ಕಾರದ ಗವ್.ಯುಕೆ ತಾಣದಲ್ಲಿ ಕಾರಿನ ನಂಬರ್ ಹಾಕಿದರೆ ಸಾಕು, 2005ರಿಂದೀಚಿನ ತಪಾಸಣೆಗಳೆಲ್ಲ ಪುಕ್ಕಟೆ ಸಿಗುತ್ತವೆ. ದಿನಾಂಕ, ಪಾಸೋ ಫೇಲೋ, ಅವತ್ತು ಮೀಟರಿನಲ್ಲಿದ್ದ ಮೈಲಿ, ಕಂಡ ದೋಷಗಳು, ಎಲ್ಲ. ಜಾಹೀರಾತಿನ ಫೋಟೋದಲ್ಲಿ ಪ್ಲೇಟ್ ಮುಚ್ಚಿದ್ದರೆ ಮೊದಲು ನಂಬರ್ ಕೇಳುತ್ತಿದ್ದೆ. ಕೊಡದವರ ಕಾರು ನೋಡಲು ಹೋಗುತ್ತಿರಲಿಲ್ಲ.

ಮೊದಲು ನೋಡಬೇಕಾದದ್ದು ಮೈಲಿ. ಹಳೆಯ ದಿನಾಂಕದಿಂದ ಹೊಸದಕ್ಕೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಏರುತ್ತಲೇ ಹೋಗಬೇಕು. ಮಧ್ಯದಲ್ಲಿ ಒಂದೇ ಒಂದು ವರ್ಷ 56,000 ಇರಬೇಕಾದಲ್ಲಿ 5,600 ಇದ್ದು ಮರುವರ್ಷ ಮತ್ತೆ ಸರಿಯಾಗಿದ್ದರೆ ಅದು ಬರೆದವರ ಕೈತಪ್ಪು. ಆದರೆ 72,000 ಇದ್ದದ್ದು 54,000ಕ್ಕೆ ಇಳಿದು ಅಲ್ಲಿಂದ ಮತ್ತೆ ಏರುತ್ತಾ ಹೋಗಿದ್ದರೆ ಮೀಟರ್ ತಿರುಗಿಸಿದ್ದಾರೆ ಅಥವಾ ಬದಲಿಸಿದ್ದಾರೆ. ಬದಲಿಸಿದ್ದಕ್ಕೆ ರಸೀದಿ ತೋರಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ಅಡ್ವೈಸರಿಗಳು. ನನ್ನ ಲೆಕ್ಕದಲ್ಲಿ ಇಡೀ ದಾಖಲೆಯ ಜೀವ ಇರುವುದು ಇಲ್ಲೇ. ಫೇಲ್ ಮಾಡುವಷ್ಟಿಲ್ಲ, ಆದರೆ ಗಮನವಿಡಿ ಎಂದು ತಪಾಸಕರು ಬರೆಯುವ ಸಾಲುಗಳಿವು. 2018ರ ಮೇ 20ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ವಿಂಗಡಿಸುತ್ತಾರೆ, ಮೊದಲೆರಡಕ್ಕೆ ಫೇಲ್. ಮೈನರ್ ಮತ್ತು ಅಡ್ವೈಸರಿ ಇದ್ದರೂ ಪಾಸ್ ಆಗುತ್ತದೆ. ಹಾಗಾಗಿ 'ಪಾಸ್' ಎಂಬ ಹಸಿರು ಅಕ್ಷರ ನೋಡಿ ಪುಟ ಮುಚ್ಚಬೇಡಿ. ಸಾಲುಗಳಲ್ಲಿ ಬರುವ ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆ, ನಮ್ಮ ಎಡ. ಆಫ್‌ಸೈಡ್ ಅಂದರೆ ಚಾಲಕರ ಕಡೆ.

ಡೀಲರೊಬ್ಬರ ಬಳಿ ಒಂದು ಡೀಸೆಲ್ ಕಾರು ಇತ್ತು. ಪಾಲಿಶ್ ಮಾಡಿ ಥಳಥಳ ಅನ್ನುವಂತೆ ಇಟ್ಟಿದ್ದರು. ದಾಖಲೆಯಲ್ಲಿ ಒಂದು ವರ್ಷ "ಮುಂದಿನ ಎರಡೂ ಟೈರ್ ಸವೆದು ಕಾನೂನಿನ ಮಿತಿಗೆ ಹತ್ತಿರ ಬಂದಿವೆ". ಮರುವರ್ಷ ಅದೇ ಟೈರುಗಳಿಗೆ ಫೇಲ್. ಮಿತಿ 1.6 ಮಿಲಿಮೀಟರ್, ಅಲ್ಲಿಯವರೆಗೂ ಎಳೆದಿದ್ದಾರೆ. ಬ್ರೇಕ್ ಪ್ಯಾಡಿನ ಕಥೆಯೂ ಇದೇ, ಮೊದಲು ಎಚ್ಚರಿಕೆ, ಆಮೇಲೆ ಫೇಲ್, ಆಮೇಲಷ್ಟೇ ಖರ್ಚು. ಕಣ್ಣಿಗೆ ಕಾಣುವ ಟೈರಿಗೇ ದುಡ್ಡು ಬಿಚ್ಚದವರು ಕಾಣದ ಎಂಜಿನ್ ಆಯಿಲ್ಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದಾರೆಂದು ನಾನು ನಂಬಲಾರೆ.

ಅದೇ ಕಾರಿನಲ್ಲಿ ಇನ್ನೊಂದು ವಿಷಯವಿತ್ತು. ಸತತ ಮೂರು ವರ್ಷ ಹಿಂಬದಿಯ ಸಸ್ಪೆನ್ಷನ್ ಹತ್ತಿರ ತುಕ್ಕು ಎಂದು ಬರೆದಿದ್ದರು. ಮಾರಾಟಕ್ಕಿಡುವ ಸ್ವಲ್ಪ ಮೊದಲು ಮಾಡಿಸಿದ ತಪಾಸಣೆಯಲ್ಲಿ ಮಾತ್ರ ತುಕ್ಕಿನ ಸುದ್ದಿಯೇ ಇಲ್ಲ. ತುಕ್ಕು ತಾನಾಗಿ ಮಾಯವಾಗುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ವರ್ಷದಿಂದ ವರ್ಷಕ್ಕೆ ಕಾರಿನ ತಳ ತಿನ್ನುತ್ತಲೇ ಇರುತ್ತದೆ. ವೆಲ್ಡ್ ಮಾಡಿಸಿದ್ದರೆ ಬಿಲ್ ಇರಬೇಕಲ್ಲ, ತೋರಿಸಿ ಅಂದೆ. ಇಲ್ಲ ಅಂದರು. ತುಕ್ಕು ಬರೆಯದ ಆ ತಪಾಸಣೆ ಯಾವ ಗ್ಯಾರೇಜಿನಲ್ಲಾಯಿತು ಎಂಬುದು ತಾಣದಲ್ಲಿ ಕಾಣಬೇಕಾದರೆ ವಿ5ಸಿ, ಅಂದರೆ ಇಲ್ಲಿ ಲಾಗ್‌ಬುಕ್ ಎನ್ನುವ ಕಾರಿನ ನೋಂದಣಿ ಪತ್ರದಲ್ಲಿರುವ 11 ಅಂಕಿಯ ಸಂಖ್ಯೆ ಬೇಕು. ಫೋನಿನಲ್ಲಿ ಅದನ್ನು ಹೇಳಲು ಯಾರಾದರೂ ಹಿಂಜರಿದರೆ ತಪ್ಪಿಲ್ಲ. ಎದುರಿಗೆ ನಿಂತಾಗಲೂ ಲಾಗ್‌ಬುಕ್ ತೋರಿಸದಿದ್ದರೆ ಮಾತು ಮುಗಿಯಿತು.

ಕೊನೆಗೆ ಕೊಂಡದ್ದು 2011ರ ಹೋಂಡಾ ಜಾಝ್, ಪೆಟ್ರೋಲ್. ಅದರ ದಾಖಲೆಯಲ್ಲಿ ಒಂದು ಫೇಲ್ ಇತ್ತು. ಗೆಳೆಯರೊಬ್ಬರು "ಫೇಲ್ ಆಗಿರೋ ಗಾಡಿ ಯಾಕಪ್ಪಾ ನಿಂಗೆ" ಅಂದರು. ನನಗೆ ಹಿಡಿಸಿದ್ದೇ ಆ ಪುಟ. 2017ರಲ್ಲಿ ಮುಂದಿನ ಎಡ ಚಕ್ರದ ಕಾಯಿಲ್ ಸ್ಪ್ರಿಂಗ್ ಮುರಿದಿತ್ತು. ಗುಂಡಿಗಳ ರಸ್ತೆಯಲ್ಲಿ ಯಾರ ಕಾರಿಗೂ ಆಗುವಂಥದ್ದು. ಎರಡು ದಿನದಲ್ಲಿ ಸರಿಮಾಡಿಸಿ ಪಾಸ್ ಮಾಡಿಸಿದ್ದಾರೆ. 2019ರಲ್ಲಿ ಟೈರಿನ ಅಡ್ವೈಸರಿ ಬಂದಿದೆ, ಮುಂದಿನ ತಪಾಸಣೆಯಲ್ಲಿ ಇಲ್ಲ. ಹೇಳಿದ್ದನ್ನು ಕೇಳಿಸಿಕೊಂಡು ಕೆಲಸ ಮಾಡಿಸುವ ಮಾಲೀಕರು ಇವರು ಅನ್ನಿಸಿತು.

ಒಂದು ಕಡೆ ಮಾತ್ರ ನಿಂತು ಯೋಚಿಸಿದೆ. ಪ್ರತಿವರ್ಷ ಜೂನ್‌ನಲ್ಲಿ ಆಗುತ್ತಿದ್ದ ತಪಾಸಣೆ 2020ರಲ್ಲಿ ಡಿಸೆಂಬರಿಗೆ ಹೋಗಿದೆ. ಆರು ತಿಂಗಳು ಎಂಒಟಿ ಇಲ್ಲದೆ ಓಡಿಸಿದರೇ? ಇಲ್ಲ. ಕೋವಿಡ್ ಸಮಯದಲ್ಲಿ ಮಾರ್ಚ್ 30ರಿಂದ ಜುಲೈ 31ರೊಳಗೆ ಅವಧಿ ಮುಗಿಯುವ ಕಾರುಗಳಿಗೆ ಸರ್ಕಾರವೇ ಆರು ತಿಂಗಳು ಮುಂದೂಡಿತ್ತು. 2020ರ ಅಂತರ ಕಂಡರೆ ಗಾಬರಿ ಬೇಡ. ಬೇರೆ ವರ್ಷಗಳಲ್ಲಿ ದೊಡ್ಡ ಅಂತರವಿದ್ದರೆ ಕೇಳಲೇಬೇಕು. ಕಾರನ್ನು ರಸ್ತೆಯಿಂದ ತೆಗೆದು ಸಾರ್ನ್ ಮಾಡಿ, ಅಂದರೆ ಓಡಿಸುತ್ತಿಲ್ಲವೆಂದು ಸರ್ಕಾರಕ್ಕೆ ತಿಳಿಸಿ, ನಿಲ್ಲಿಸಿದ್ದಿರಬಹುದು, ಅಪಘಾತವಾಗಿ ಬಿದ್ದಿದ್ದಿರಬಹುದು.

ಕಡೆಯ ಎರಡು ತಪಾಸಣೆಗಳಲ್ಲಿ ಹಿಂಬದಿಯ ಬ್ರೇಕ್ ಪೈಪಿಗೆ ತುಕ್ಕು ಎಂದಿತ್ತು. ನೋಡಲು ಹೋದಾಗ ಆ ಸಾಲುಗಳನ್ನು ಪ್ರಿಂಟ್ ಮಾಡಿಕೊಂಡು, ಟಾರ್ಚ್ ಹಿಡಿದು ಹೋಗಿದ್ದೆ. ಮಾರುತ್ತಿದ್ದಾಕೆ ಕಾಗದ ನೋಡಿ, ಹೌದು, ಅದೊಂದು ಬಾಕಿ ಇದೆ ಎಂದು ತಾವೇ ಒಪ್ಪಿಕೊಂಡರು. ಎಂಒಟಿ ಇನ್ನೂ ತಿಂಗಳುಗಟ್ಟಲೆ ಇದ್ದರೂ ಹೊಸದಾಗಿ ಒಂದು ಮಾಡಿಸೋಣ, ದುಡ್ಡು ನನ್ನದು ಅಂದೆ. ಕಾರಿನ ಎಂಒಟಿಗೆ ಗರಿಷ್ಠ ಶುಲ್ಕ 54.85 ಪೌಂಡ್, ಅಷ್ಟೇ. ನಾನು ಆರಿಸಿದ್ದು ಕೌನ್ಸಿಲ್‌ನವರೇ ನಡೆಸುವ ತಪಾಸಣಾ ಕೇಂದ್ರ. ಅಲ್ಲಿ ನಮ್ಮ ಕಾರಿನ ರಿಪೇರಿ ಮಾಡುವುದಿಲ್ಲ, ಆದ್ದರಿಂದ ಇಲ್ಲದ ದೋಷ ಹುಡುಕಿ ಅವರಿಗೆ ಆಗಬೇಕಾದದ್ದೇನೂ ಇಲ್ಲ. ಪಾಸಾಯಿತು, ಪೈಪಿನ ಸಾಲು ಮತ್ತೆ ಬಂತು. ಪೈಪ್ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು, ಕೊಂಡ ವಾರವೇ ಹೊಸದು ಹಾಕಿಸಿದೆ. ಬ್ರೇಕಿನ ಕೆಲಸ ಮುಂದೂಡಬಾರದು.

ಎಂಒಟಿ ಹೇಳದೇ ಇರುವುದೂ ಬಹಳವಿದೆ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಎಂದು ಅದು ನೋಡುವುದೇ ಇಲ್ಲ. ಅದಕ್ಕೆ ಸರ್ವಿಸ್ ಪುಸ್ತಕ, ಬಿಲ್ಲುಗಳು ಬೇಕು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಕಾರಿನ ಮೇಲೆ ಸಾಲ ಬಾಕಿ ಇದೆಯೇ, ಹಿಂದೆ ಪೆಟ್ಟು ತಿಂದು ವಿಮೆಯವರು ಅದನ್ನು ಕ್ಯಾಟ್ ಎಸ್ (ಚೌಕಟ್ಟಿಗೇ ಪೆಟ್ಟು) ಅಥವಾ ಕ್ಯಾಟ್ ಎನ್ (ಚೌಕಟ್ಟಿಗಲ್ಲದ ಪೆಟ್ಟು) ಎಂದು ಲೆಕ್ಕದಿಂದ ತೆಗೆದುಹಾಕಿದ್ದಾರೆಯೇ ಎಂಬುದಕ್ಕೆ ದುಡ್ಡು ಕೊಟ್ಟು ಬೇರೆ ವರದಿ ತೆಗೆಸಬೇಕು. ಲಾಗ್‌ಬುಕ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಅವರೇ ಮಾಲೀಕರು ಎಂದಾಗುವುದಿಲ್ಲ, ಆ ಪುಟದಲ್ಲೇ ಹಾಗೆಂದು ಅಚ್ಚಾಗಿದೆ. ಲಂಡನ್ನಿಗೆ ಓಡಾಡುವವರಾದರೆ ಯುಲೆಝ್, ಅಂದರೆ ಹೆಚ್ಚು ಹೊಗೆಯುಗುಳುವ ಗಾಡಿಗಳಿಗೆ ಅಲ್ಲಿ ಹಾಕುವ ಶುಲ್ಕ, ಸಹ ನೋಡಿಕೊಳ್ಳಿ. ಹಳೆಯ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್ ಬೀಳುತ್ತದೆ.

ಕಾರು ಕೈಗೆ ಬಂದಾಗ ಲಾಗ್‌ಬುಕ್‌ನ ಹಸಿರು ಚೀಟಿ ಹರಿದು ಇಸಿದುಕೊಳ್ಳಿ. ಹಿಂದಿನವರು ಕಟ್ಟಿದ ರಸ್ತೆ ತೆರಿಗೆ ನಿಮಗೆ ಬರುವುದಿಲ್ಲ. ಆ ಚೀಟಿಯಲ್ಲಿನ ಸಂಖ್ಯೆ ಹಾಕಿ ಅಲ್ಲೇ ನಿಂತು ಫೋನಿನಲ್ಲಿ ತೆರಿಗೆ ಕಟ್ಟಿ, ವಿಮೆ ಶುರುಮಾಡಿಸಿ, ಆಮೇಲೆ ಗಾಡಿ ತೆಗೆಯಿರಿ.